ಕೌದಿಯಲ್ಲಿ ಇಲ್ಲದ ಸೀರೆ

ಹೋದ ತಿಂಗಳು ನನ್ನ ವಸಡು ಬಾತು ಊಟ ಮಾಡಲಿಕ್ಕೂ ಆಗದಂತಾಯಿತು. ಬಾಜೂ ಮನೆಯವರು ಹೇಳಿದರೆಂದು ಸೊಸೆ ಜಾಲಿ ತೊಗಟೆ ತರಿಸಿ, ಬಾಯಿ ಮುಕ್ಕಳಿಸಲು ಕಷಾಯಕ್ಕೆ ಇಟ್ಟಿದ್ದಳು. ನೀರು ಕುದಿಯತೊಡಗಿದ ಹಾಗೆ ಆ ಒಗರು ವಾಸನೆ, ತೊಯ್ದ ಚರ್ಮದಂಥ ವಾಸನೆ, ಅಡುಗೆಮನೆಯಿಂದ ಪಡಸಾಲೆಗೆ ಬಂತು. ಕೂತಲ್ಲಿಂದಲೇ "ಒಲಿ ಆರಿಸು" ಎಂದು ಕೂಗಿದೆ. ಸೊಸೆ ಸೆರಗಿಗೆ ಕೈ ಒರೆಸುತ್ತ ಓಡಿ ಬಂದಳು.

"ಯಾಕ್ರಿ ಅತ್ತಿ, ಏನಾತು?"

"ಏನಿಲ್ಲ. ಆ ವಾಸನಿ ನನಗ ಆಗಂಗಿಲ್ಲ."

ಯಾಕೆ ಆಗುವುದಿಲ್ಲ ಎಂದು ಅವಳು ಕೇಳಿದಳು. ಅವಳು ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಾನು ಹೇಳಿಲ್ಲ. ಹೇಳಹೊರಟರೆ ನಮ್ಮ ಅಕ್ಕನ ಹೆಸರು ಬರುತ್ತದೆ.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ಬಸವಕಲ್ಯಾಣದಲ್ಲಿ ಕೋಟೆ ಕಡೆ ಹೋಗುವ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಬಾಡಿಗೆ ಮನೆ. ನಮ್ಮವರು ಸಾಲಿ ಮಾಸ್ತರರು. ನಾನು ಮುಂದಿನ ಖೋಲಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಹೆಂಗಸರ ಕುಬಸ ಹೊಲಿಯುತ್ತಿದ್ದೆ. ಊರೊಳಗೆ ಪಾಲಿಸ್ಟರ್ ಸೀರೆ ನುಗ್ಗುತ್ತಿದ್ದ ಕಾಲ ಅದು. ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ ಎಂದು ಎಲ್ಲರಿಗೂ ಅದರ ಹುಚ್ಚು. ಹತ್ತಿ ಸೀರೆಗಳು ಪಾತ್ರೆ ಮಾರುವವಳ ಬುಟ್ಟಿ ಸೇರುತ್ತಿದ್ದವು. ಜನ ತೀರಿಹೋದ ತಮ್ಮ ಅವ್ವನ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವುದನ್ನು ದಿನಾ ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ಒಬ್ಬ ಗಿರಾಕಿಗೆ, "ಡಬ್ಬಿ ತಗೊಂಡು ಏನ್ ಮಾಡ್ತೀರಿ? ಆ ಸೀರಿ ಇಲ್ಲಿ ಕೊಡ್ರಿ, ನಿಮಗ ಒಂದು ಕೌದಿ ಮಾಡಿ ಕೊಡ್ತೀನಿ" ಎಂದೆ. ಹಾಗೆ ಶುರುವಾಯಿತು, ಹಳೆ ಬಟ್ಟೆಯನ್ನು ಪದರು ಪದರಾಗಿ ಹೊಲಿದು ಹೊದೆಯುವ ಕೌದಿ ಮಾಡುವ ಕೆಲಸ.

ಕೌದಿಯ ಕೆಲಸದಲ್ಲಿ ಅಕ್ಕನ ಮುಂದೆ ನಾನು ಏನೂ ಅಲ್ಲ. ಅಕ್ಕ ಕಾಶಮ್ಮ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿದಾಗ ನಾನು ಇನ್ನೂ ಲಂಗ ತೊಡುವ ಹುಡುಗಿ. ನನ್ನ ತಲೆ ಬಾಚಿ ಸಾಲಿಗೆ ಕಳಿಸಿದವಳು ಅಕ್ಕ, ಸೂಜಿ ಹಿಡಿಯಲು ಕಲಿಸಿದವಳೂ ಅಕ್ಕ. ಅವಳನ್ನು ಹುಮನಾಬಾದಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲ, ಗಂಡ ಬೇಗ ಹೋದ. ಹೆದ್ದಾರಿಯ ಬದಿಯಲ್ಲೇ ಮನೆ, ದೊಡ್ಡ ಪಡಸಾಲೆ. ಅಲ್ಲಿ ನಾಲ್ಕೈದು ಹೆಂಗಸರನ್ನು ಕೂಡಿಸಿಕೊಂಡು ಅಕ್ಕ ಹೊಲಿಸಲು ಒಪ್ಪಿದಳು.

ನಾನು ಕಲ್ಯಾಣದಲ್ಲಿ ಬಟ್ಟೆ ತೆಗೆದುಕೊಳ್ಳುವುದು, ಅಂಟವಾಳಕಾಯಿ ನೀರಿನಲ್ಲಿ ನೆನೆಹಾಕಿ ಒಗೆದು ಮಾಳಿಗೆಯ ಮೇಲೆ ಒಣಗಿಸುವುದು, ಗಟ್ಟಿ ಇದ್ದದ್ದು, ಜೀರ್ಣವಾದದ್ದು ಬೇರೆ ಮಾಡಿ ಗಂಟು ಕಟ್ಟುವುದು. ಪ್ರತಿ ಗಂಟಿಗೆ ಆ ಮನೆಯವರ ಹೆಸರಿನ ಬಟ್ಟೆಯ ಚೀಟಿ ಹೊಲಿದು ಬಸ್ಸಿಗೆ ಹಾಕುತ್ತಿದ್ದೆ. ಅಕ್ಕನ ಮನೆಯಲ್ಲಿ ಅದು ಕೌದಿಯಾಗಿ, ಎರಡು ಮೂರು ವಾರಕ್ಕೆ ತಿರುಗಿ ಬರುತ್ತಿತ್ತು. ಉಳಿದ ಅಂಚಿನಿಂದ ಬಾಗಿಲ ಪರದೆ, ಸಣ್ಣ ತುಂಡಿನಿಂದ ಕೂಡುವ ಆಸನ. ತೀರ ಚಿಂದಿ ಆದದ್ದನ್ನು ತಲೆದಿಂಬಿಗೆ ತುಂಬುತ್ತಿದ್ದೆವು. ಹೊಸದಾಗಿ ಕೊಳ್ಳುತ್ತಿದ್ದದ್ದು ದಾರ ಮಾತ್ರ. ನಮ್ಮದು ಒಂದೇ ಕರಾರು: ಯಾರ ಮನೆಯ ಬಟ್ಟೆಯೋ ಅವರ ಮನೆಗೇ ಹೋಗಬೇಕು, ಒಂದು ತುಂಡೂ ಅತ್ತಿತ್ತ ಆಗಬಾರದು. ಆ ಮಾತಿನ ಮೇಲೆಯೇ ಜನ ಬರುತ್ತಿದ್ದರು. ಅಜ್ಜಿಯ ಸೀರೆ, ಅತ್ತೆಯ ಸೀರೆ, ಅಪ್ಪನ ಧೋತರ, ಮುತ್ಯಾನ ರುಮಾಲು. ಕೊಡುವಾಗ ಕೆಲವರು ಅದನ್ನು ಒಮ್ಮೆ ಮೂಗಿಗೆ ಹಿಡಿದು ಕೊಡುತ್ತಿದ್ದರು.

ಆ ವರ್ಷ ಜೂನಿನಲ್ಲೇ ಮಿರಗದ ಮಳೆ ಚೆನ್ನಾಗಿ ಹಿಡಿಯಿತು. ಒಗೆದ ಬಟ್ಟೆ ಮೂರು ಮೂರು ದಿನ ಒಣಗುತ್ತಿರಲಿಲ್ಲ. ಮನೆ ತುಂಬ ಹಗ್ಗ ಕಟ್ಟಿ, ನಮ್ಮವರು ಬಗ್ಗಿ ಬಗ್ಗಿ ಓಡಾಡುವಂತಾಗಿತ್ತು. ಆಷಾಢದಲ್ಲಿ ಒಂದು ಮಧ್ಯಾಹ್ನ ಅಕ್ಕ ತೊಯ್ದುಕೊಂಡೇ ಬಂದಳು. ಬಂದವಳು ಕೂಡಲಿಲ್ಲ, ನೀರೂ ಕುಡಿಯಲಿಲ್ಲ.

"ಶಾಂತಾ, ಹೈದರಾಬಾದದಾಂವ ಒಬ್ಬ ಗಾಡಿ ನಿಲ್ಲಿಸಿ ಬಂದಿದ್ದ ನೋಡು. ಕಟ್ಟಿ ಮ್ಯಾಲ ಕೌದಿ ಹಾಕಿದ್ದೆ, ಮುಟ್ಟಿ ಮುಟ್ಟಿ ನೋಡಿದ. ಯಾರು ಮಾಡಿದ್ದು ಅಂದ. ನಾನೇ ಅಂದೆ. ನನಗ ಕೈ ಮುಗದಾ!"

ಅವನಿಗೆ ಹೈದರಾಬಾದಿನಲ್ಲಿ ಮನೆ ಅಲಂಕಾರದ ಅಂಗಡಿಯಂತೆ. ದೊಡ್ಡವರು ಕೌದಿಯನ್ನು ಮಂಚಕ್ಕೆ ಹಾಸುತ್ತಾರಂತೆ, ಗೋಡೆಗೂ ತೂಗುಹಾಕುತ್ತಾರಂತೆ. ಎಷ್ಟು ಮಾಡಿದರೂ ಒಯ್ಯುತ್ತೇನೆ ಎಂದನಂತೆ. ಅಕ್ಕನ ಮುಖ ಅಷ್ಟು ಅರಳಿದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

"ಆದ್ರ ಅಂವಗ ಹಳೀ ಸೀರೀದೇ ಬೇಕಂತ," ಎಂದಳು. "ಉಟ್ಟು ಉಟ್ಟು ಮೆತ್ತಗ ಆಗಿದ್ದು."

"ಹಳೀ ಸೀರಿ ನಮ್ಮವಲ್ಲಲ್ಲಕ್ಕ. ಮಂದಿ ಭರೋಸಾ ಇಟ್ಟು ಕೊಟ್ಟದ್ದು. ಅಂವಗ ಬೇಕಾದ್ರ ಹೊಸಾ ಕೈಮಗ್ಗದ ಬಟ್ಟಿ ತಂದು ಮಾಡಿ ಕೊಡೋಣ."

ಅಕ್ಕ ಸ್ವಲ್ಪ ಹೊತ್ತು ಹಗ್ಗದ ಮೇಲಿನ ಸೀರೆಗಳನ್ನು ನೋಡಿದಳು. ಆಮೇಲೆ, "ಹೌದು, ಅದೂ ಖರೇ ಅದ" ಎಂದಳು.

ಹೊಸ ಬಟ್ಟೆ ತಂದೆವು. ನಾಲ್ಕು ಕೌದಿ ಮಾಡಿ ಅಕ್ಕ ಹೈದರಾಬಾದಿಗೆ ಕಳಿಸಿದಳು. ಆಮೇಲೆ ನಾನು ಯಾವಾಗ ಕೇಳಿದರೂ "ಛಲೋ ನಡದದ" ಅನ್ನುತ್ತಿದ್ದಳು. ಆ ನಾಲ್ಕನ್ನೂ ಅವನು, ಇವುಗಳಲ್ಲಿ ಜೀವ ಇಲ್ಲ ಎಂದು ತಿರುಗಿ ಕಳಿಸಿದ್ದ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಶ್ರಾವಣ ಮುಗಿಯುವಾಗ ಮುಡಬಿಯಿಂದ ಮಾಳಮ್ಮ ಬಂದಳು. ಕುರಿ ಕಾಯುವ ಮನೆತನ. ಗಂಡ ಮಂದೆ ಹೊಡೆದುಕೊಂಡು ದೂರ ಹೋಗಿದ್ದ. ಐವತ್ತು ದಾಟಿದ ಹೆಂಗಸು, ಬಗಲಲ್ಲಿ ಕಂಬಳಿಯಲ್ಲಿ ಸುತ್ತಿದ ಕೂಸು. ಕೂಸು ಅವಳದಲ್ಲ, ಮಗಳದು. ಮಗಳು ಭಾಗಮ್ಮ ಹಡೆದ ಹನ್ನೆರಡನೇ ದಿನಕ್ಕೆ ತೀರಿಹೋಗಿದ್ದಳು.

"ಕಂಬಳಿ ಚುಚ್ಚತದ್ರಿ ಯವ್ವಾ ಕೂಸಿಗೆ," ಎಂದಳು ಮಾಳಮ್ಮ. "ಅದರವ್ವನ ಸೀರೀದು ಒಂದು ಕೌದಿ ಮಾಡಿ ಕೊಡ್ರಿ. ಅವ್ವನ ಮಗ್ಗಲಾಗ ಮಕ್ಕೊಂಡಂಗ ಆಗಲಿ."

ಎರಡು ಸೀರೆ ತಂದಿದ್ದಳು. ಒಂದು ನೀಲಿ ಚೌಕಳಿಯದು, ದಿನಾ ಉಟ್ಟದ್ದು. ಇನ್ನೊಂದು ಮದುವೆಯ ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಸೆರಗಿನಲ್ಲಿ ಒಲೆಯ ಕಿಡಿ ಹಾರಿ ಒಂದು ತೂತು ಬಿದ್ದಿತ್ತು. ಕುರಿಹಟ್ಟಿಯಲ್ಲಿ ದಾರ ಸಿಗದೆ ಮಗಳು ಅದನ್ನು ಕರಿ ಉಣ್ಣೆಯ ನೂಲಿನಿಂದ ಹೆಣೆದು ಮುಚ್ಚಿದ್ದಳು. ಮಾಳಮ್ಮ ಆ ಕರಿ ಚುಕ್ಕೆಯ ಮೇಲೆ ಬೆರಳಿಟ್ಟಳು.

"ಇದನ್ನ ತಗೀಬ್ಯಾಡ್ರಿ. ಆಕಿ ಕೈಲೇ ಹಾಕಿದ್ದು. ಕೂಸಿನ ಮಾರಿ ಕಡೆ ಬರಲಿ."

"ಬರ್ತದ ಮಾಳಮ್ಮ. ನಾ ಮಾತು ಕೊಡ್ತೀನಿ," ಎಂದೆ. ಗಂಟಿನೊಳಗೆ ಅಕ್ಕನಿಗೆ ಒಂದು ಚೀಟಿಯನ್ನೂ ಬರೆದಿಟ್ಟೆ: ಕರಿ ಉಣ್ಣೆ ಇದ್ದ ಭಾಗ ತಲೆಯ ಕಡೆ ಬರಲಿ, ಮರೀಬೇಡ.

ದಸರೆಯ ಹೊತ್ತಿಗೆ ಹುಮನಾಬಾದಿನಿಂದ ಬರುವ ಕೌದಿಗಳಲ್ಲಿ ಒಂದು ವಾಸನೆ ಬರತೊಡಗಿತು. ಕೇಳಿದರೆ ಅಕ್ಕ, "ನುಸಿ ಹತ್ತಬಾರದಂತ ಜಾಲಿ ತೊಗಟಿ ಕಷಾಯದಾಗ ಅದ್ದಾಕತ್ತೀನಿ" ಎಂದಳು. ಎಷ್ಟು ಶ್ಯಾಣ್ಯಾಕಿ ನಮ್ಮ ಅಕ್ಕ ಅಂದುಕೊಂಡೆ. ಗಿರಾಕಿಗಳಿಗೂ ಹಿಗ್ಗಿನಿಂದ ಅದನ್ನೇ ಹೇಳಿದೆ. ಅದೇ ಹೊತ್ತಿಗೆ ಅಕ್ಕನ ಹತ್ತಿರ ಮೊದಲಿನಿಂದ ಹೊಲಿಯುತ್ತಿದ್ದ ಸೈದಾಬಿ ಕೆಲಸ ಬಿಟ್ಟಳು. ಅವಳದು ಹುಮನಾಬಾದಿನಲ್ಲಿ ಹತ್ತಿ ಹಿಂಜಿ ಗಾದಿ ತುಂಬುವವರ ಮನೆ, ಅವಳಂಥ ಸಣ್ಣ ಹೊಲಿಗೆ ಯಾರಿಗೂ ಬರುತ್ತಿರಲಿಲ್ಲ. ಯಾಕೆ ಬಿಟ್ಟಳು ಎಂದರೆ, "ಕಣ್ಣು ಮಂದ ಆಗ್ಯಾವ ಪಾಪ" ಎಂದಳು ಅಕ್ಕ. ನಾನು ದವಾಖಾನೆಯಿಂದ ಕಣ್ಣಿಗೆ ಬಿಡುವ ಔಷಧದ ಸೀಸೆ ತಂದು ಅಕ್ಕನ ಕೈಯಲ್ಲೇ ಅವಳಿಗೆ ಕಳಿಸಿದೆ.

ಮಾಳಮ್ಮನ ಕೌದಿ ಬಂದ ದಿನ ಅವಳು ಸಂತೆಗೆ ಬಂದವಳು ನಮ್ಮ ಮನೆಯಲ್ಲೇ ಕಾದು ಕೂತಿದ್ದಳು. ಕೂಸು ಅಳುತ್ತಿತ್ತು, ಮುಡಬಿಯ ಬಸ್ಸಿಗೆ ಹೊತ್ತಾಗಿತ್ತು. ನಾನು ಗಂಟು ಅರ್ಧ ಬಿಚ್ಚಿ, ಹಸಿರು ಕೆಂಪು ಕಂಡು, ತುದಿಗೆ ಹೊಲಿದ ಹೆಸರಿನ ಚೀಟಿ ನೋಡಿ ಕೊಟ್ಟುಬಿಟ್ಟೆ. ಕರಿ ಉಣ್ಣೆಯನ್ನು ಹುಡುಕಲಿಲ್ಲ. ಅಕ್ಕ ಮಾಡಿದ್ದನ್ನು ತಿರುವಿ ಪರೀಕ್ಷೆ ಮಾಡುವುದು ನನಗೆ ಹೊಳೆಯುವ ಮಾತೇ ಆಗಿರಲಿಲ್ಲ.

ದೀಪಾವಳಿಯ ಎದುರಿಗೆ ಮಾಳಮ್ಮ ಮತ್ತೆ ಬಂದಳು. ಮೂರು ನಾಲ್ಕು ಮಂದಿ ಹೆಂಗಸರು ಹಬ್ಬದ ಕುಬಸಕ್ಕೆ ಬಂದು ಕೂತಿದ್ದರು. ಮಾಳಮ್ಮ ಹೆಗಲ ಮೇಲಿನ ಕೌದಿಯನ್ನು ನನ್ನ ಮಷೀನಿನ ಮುಂದೆ ಇಟ್ಟು ನಿಂತಳು.

"ಇದು ನಮ್ಮ ಭಾಗೀ ಸೀರಿ ಅಲ್ರಿ."

ನಾನು ನಕ್ಕುಬಿಟ್ಟೆ. "ಅದೇ ಅದ ಮಾಳಮ್ಮ. ನೀರಾಗ ಹಾಕಿ, ಹೊಲದು ಮಾಡಿದ ಮ್ಯಾಲ ಬಣ್ಣ ಜರಾ ಬ್ಯಾರೆ ಕಾಣಸ್ತದ."

"ಸಾವಿರ ಕುರಿ ಮಂದ್ಯಾಗ ನನ್ನ ಕುರಿ ನಾ ಗುರ್ತ ಹಿಡೀತೀನ್ರಿ," ಎಂದಳು ಅವಳು. ದನಿ ಏರಲಿಲ್ಲ. "ನಾ ಹಡದ ಮಗಳ ಸೀರಿ ಗುರ್ತ ಹಿಡೀಯಂಗಿಲ್ಲೇನು? ಆ ಕರಿ ನೂಲು ಎಲ್ಲಿ ಅದ, ತೋರಸ್ರಿ."

ಕೌದಿಯನ್ನು ನೆಲದ ಮೇಲೆ ಹಾಸಿದೆ. ತಲೆಯ ಕಡೆ ನೋಡಿದೆ, ಕಾಲ ಕಡೆ ನೋಡಿದೆ, ಮಗುಚಿ ಹಾಕಿ ನೋಡಿದೆ. ಬೇರೆ ಹೆಂಗಸರು ಬಗ್ಗಿ ನೋಡುತ್ತಿದ್ದರು. ಕತ್ತರಿ ತೆಗೆದುಕೊಂಡು ಒಂದು ಮೂಲೆ ಬಿಚ್ಚಿದೆ. ಹಸಿರು ಬಟ್ಟೆಯ ಮಡಚಿದ ಅಂಚಿಗೆ ಕಷಾಯ ಇಳಿದಿರಲಿಲ್ಲ. ಅಲ್ಲಿ ಹೊಸ ಗಿರಣಿ ಬಟ್ಟೆಯ ಹೊಳಪು ಹಾಗೇ ಇತ್ತು. ಒಳಪದರಿನಲ್ಲಿ ನೀಲಿ ಚೌಕಳಿಯ ಸೀರೆ ಇರಲಿಲ್ಲ, ಕಟ್‌ಪೀಸ್ ಅಂಗಡಿಯ ತುಂಡುಗಳಿದ್ದವು. ಹೊಸದನ್ನು ಹಳೆಯದಾಗಿ ಕಾಣಿಸಲು ಜಾಲಿ ತೊಗಟೆ. ನುಸಿಗೆ ಅಲ್ಲ.

ಮಾಳಮ್ಮ ನನ್ನನ್ನು ಬೈಯಲಿಲ್ಲ. "ಆಕಿ ಮಣ್ಣಾಗ ಹೋದಾಗ ಸೀರಿ ಉಳದಾವಲ್ಲ ಅಂತ ಸಮಾಧಾನ ಇತ್ತು" ಎಂದು ಗೋಡೆಗೆ ಆತು ಕೂತಳು.

ಅಂದೇ ಹುಮನಾಬಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಗರಿ ಹೂವಾಡಿ ಹೊಲವೆಲ್ಲ ಹಳದಿ. ಅಕ್ಕನಿಗೆ ಗೊತ್ತಿಲ್ಲದೆ ಯಾರೋ ಹೀಗೆ ಮಾಡಿರಬೇಕು ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಅಕ್ಕನ ಪಡಸಾಲೆಯಲ್ಲಿ ಹೊಲಿಯುತ್ತಿದ್ದ ಮೂವರು ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಅಕ್ಕ ನನ್ನನ್ನು ಒಳಗೆ ಕರೆದೊಯ್ದಳು. ನಾನು ಬಿಚ್ಚಿದ ಮೂಲೆಯನ್ನು ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ತಲೆಗೆ ಕೈ ಹಚ್ಚಿ ಕೂತಳು.

"ನಿನಗ ಹ್ಯಾಂಗ ಹೇಳಲಿ ಅಂತ ಸುಮ್ಮಿದ್ದೆ ಶಾಂತಾ. ಇದು ಸೈದಾಬಿ ಕೆಲಸ. ಆ ಗಂಟು ಆಕಿ ಕೈಯಾಗಿತ್ತು. ಹಳೀ ಸೀರಿ ಮಾರ್ಕೊಂಡು ಗಿರಣಿ ಬಟ್ಟಿ ತುಂಬಿದಳು. ಗೊತ್ತಾದ ಮ್ಯಾಲ ನಾನೇ ಆಕೀನ ಬಿಡಿಸಿದೆ. ಬಡವಿ, ಆಕಿ ಹೆಸರು ಯಾಕ ಕೆಡಸಬೇಕು ಅಂತ ಕಣ್ಣಿನ ನೆಪ ಹೇಳಿದೆ. ಇದೊಂದೇ ಹಿಂಗ ಆಗಿದ್ದು, ನಿನ್ನಾಣಿ."

ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದಳು. ನಾನು ನಂಬಿದೆ. ನಂಬಿ, ಸಿಟ್ಟಿನಿಂದ ಕುದಿಯುತ್ತ ಸೈದಾಬಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಕೂತು ಒಂದು ಗಾದಿಯ ಬಾಯಿ ಹೊಲಿಯುತ್ತಿದ್ದಳು. ಸಂಜೆಯ ಮಬ್ಬಿನಲ್ಲೂ ದಾರದ ತುದಿಯನ್ನು ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದಳು. ನಾನು ನಿಂತಲ್ಲೇ ಬಾಯಿಗೆ ಬಂದದ್ದು ಅಂದೆ. ಸತ್ತವರ ಬಟ್ಟೆ ಕದಿಯಲು ನಿನ್ನ ಕೈ ಹ್ಯಾಗೆ ಬಂತು ಎಂದೆ.

ಸೈದಾಬಿ ಎಲ್ಲ ಕೇಳಿಸಿಕೊಂಡು ಒಳಗೆ ಹೋಗಿ, ನಾನು ಕಳಿಸಿದ್ದ ಔಷಧದ ಸೀಸೆ ತಂದು ನನ್ನ ಮುಂದಿಟ್ಟಳು. ಅದರ ಮುಚ್ಚಳ ಒಡೆದಿರಲಿಲ್ಲ.

"ನನ್ನ ಕಣ್ಣು ಛಲೋ ಅದಾವ ಶಾಂತಾಬಾಯಿ. ಛಲೋ ಅದಾವಂತೇ ಕೆಲಸ ಬಿಟ್ಟೆ," ಎಂದಳು. "ಗಂಟು ಬಂದ ಕೂಡಲೇ ನಿಮ್ಮಕ್ಕ ಸೆರಗು, ಅಂಚು, ಛಲೋ ಮೈ ಎಲ್ಲ ಕತ್ತರಿಸಿ ಇಡ್ತಿದ್ರು. ಅವು ಹೈದರಾಬಾದಕ್ಕ. ಕಲ್ಯಾಣದ ಮಂದಿಗೆ ಈ ಗಿರಣಿ ಮಾಲು. ತೊಗಟಿ ಕುದಸು ಅಂದ್ರು ನನಗ. ನನಗೂ ಅಮ್ಮಿ ಇದ್ದಳು. ನಾ ಒಲ್ಲೆ ಅಂದೆ."

"ಎಷ್ಟು? ಇದೊಂದೇ ಏನು?"

ಸೈದಾಬಿ ನನ್ನನ್ನು ಕನಿಕರದಿಂದ ನೋಡಿದಳು. "ಶ್ರಾವಣದಿಂದ ಬಂದದ್ದೆಲ್ಲ."

ಅವಳಿಗೆ ಮಾಫ್ ಮಾಡು ಎಂದು ಹೇಳಿದ್ದು ನೆನಪಿದೆ. ಅವಳು ಏನಂದಳು ಎಂಬುದು ನೆನಪಿಲ್ಲ.

ಎರಡು ದಿನ ಬಿಟ್ಟು, ಸೈದಾಬಿ ಹೇಳಿದ ಅಂಗಡಿ ಹುಡುಕಿಕೊಂಡು, ನಾನು ಮತ್ತು ಮಾಳಮ್ಮ ನಸುಕಿನ ಬಸ್ಸಿಗೆ ಹೈದರಾಬಾದಿಗೆ ಹೋದೆವು. ಕೂಸನ್ನು ಅವಳು ನಾದಿನಿಯ ಹತ್ತಿರ ಬಿಟ್ಟು ಬಂದಿದ್ದಳು. ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಅದು. ಮಾಲಕ ನಮ್ಮನ್ನು ಕುರ್ಚಿಯ ಮೇಲೆ ಕೂಡಿಸಿ ಚಹಾ ತರಿಸಿದ. ನಡೆದದ್ದು ಕೇಳಿ ಅವನ ಮುಖ ಸಣ್ಣದಾಯಿತು. ಮನೆಮನೆಯವರು ಖುಷಿಯಿಂದ ಕೊಟ್ಟ ಸೀರೆಗಳೆಂದು ಅಕ್ಕ ಅವನಿಗೆ ಹೇಳಿದ್ದಳಂತೆ. ಹಸಿರು ಇಳಕಲ್, ಕರಿ ಉಣ್ಣೆಯ ಹೆಣಿಗೆ ಎಂದ ಕೂಡಲೇ ಅವನಿಗೆ ನೆನಪಾಯಿತು. ಆ ಹೆಣಿಗೆ ನೋಡಿಯೇ ಪರದೇಶದ ಹೆಂಗಸೊಬ್ಬಳು ಆ ಕೌದಿಯನ್ನು ಮೆಚ್ಚಿ ಒಯ್ದಿದ್ದಳು. ಯಾವ ಊರು, ಯಾವ ದೇಶ, ಅವನಿಗೂ ಗೊತ್ತಿರಲಿಲ್ಲ.

ಅವನ ಮಾತನ್ನು ಕನ್ನಡದಲ್ಲಿ ಮಾಳಮ್ಮನಿಗೆ ಹೇಳಿದೆ. "ಸಮುದ್ರದ ಆಚಿಕೇನು?" ಎಂದು ಅವಳು ಕೇಳಿದಳು. ಹೌದೆಂದೆ. ಚಹಾದ ಕಪ್ಪನ್ನು ಕುಡಿಯದೆ ಕೆಳಗಿಟ್ಟಳು.

ಏಳುವಾಗ ನಾನು ಎದುರಿನ ಗೋಡೆ ನೋಡಿದೆ. ಅಲ್ಲೊಂದು ಕೌದಿ ತೂಗುತ್ತಿತ್ತು. ನಟ್ಟನಡುವೆ ಕರಿ ಚಂದ್ರಕಾಳಿ ಸೀರೆ, ಕೆಂಪು ಅಂಚು. ನಮ್ಮ ಅವ್ವನದು. ಅವ್ವ ತೀರಿದ ಮೇಲೆ ಅಕ್ಕನ ಟ್ರಂಕಿನಲ್ಲಿದ್ದ ಒಂದೇ ಸೀರೆ; ವರ್ಷಕ್ಕೊಮ್ಮೆ ಹಬ್ಬಕ್ಕೆ ತೆಗೆದು ಇಬ್ಬರೂ ಮುಟ್ಟಿ ಮತ್ತೆ ಮಡಚಿ ಇಡುತ್ತಿದ್ದೆವು. ಅಂಗಡಿಯವನಿಗೆ ಅಕ್ಕ ಮಾಡಿ ಕೊಟ್ಟ ಮೊದಲ ಹಳೆ ಸೀರೆಯ ಕೌದಿ ಅದಂತೆ. ವಿಷಯ ತಿಳಿದು ಅವನೇ ಸ್ಟೂಲ್ ಹತ್ತಿ ಅದನ್ನು ಇಳಿಸಲು ಹೋದ. ಒಯ್ಯಿರಿ ಎಂದ.

"ತಗೊ ಯವ್ವಾ," ಎಂದಳು ಮಾಳಮ್ಮ. "ನಿನಗರ ಸಿಕ್ಕತಲ್ಲ."

ನಮ್ಮ ಅವ್ವನ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು, ಬರಿಗೈಯ ಅವಳ ಬಾಜೂ ಕೂತು ಅಷ್ಟು ದೂರ ಬರಲು ನನ್ನಿಂದ ಆಗಲಿಲ್ಲ. ಬೇಡ ಎಂದೆ. ಅದು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿಯದು. ಆಮೇಲೆ ಅದು ಯಾರ ಮನೆಗೆ ಹೋಯಿತೋ.

ತಿರುಗಿ ಬರುವಾಗ ಮಾಳಮ್ಮನನ್ನು ಬಸ್ಸಿನಲ್ಲೇ ಬಿಟ್ಟು ನಾನು ಹುಮನಾಬಾದಿನಲ್ಲಿ ಇಳಿದೆ. ಅಕ್ಕ ಬಾಗಿಲಲ್ಲೇ ನನ್ನ ಮುಖ ನೋಡಿದಳು. ಈ ಸಲ ಆಣೆ ಹಾಕಲಿಲ್ಲ.

"ಅವ್ವನ ಸೀರಿ ನೋಡಿದೆ," ಎಂದೆ.

"ಅವ್ವ ನಿನಗೊಬ್ಬಾಕಿಗೇ ಅವ್ವ ಏನು? ನನಗೂ ಅವ್ವನೇ. ಟ್ರಂಕಿನಾಗ ಇದ್ರ ಯಾರು ನೋಡ್ತಿದ್ರು? ಅಲ್ಲಿ ಮಂದಿ ನಿಂತು ನೋಡ್ತಾರ."

"ಮಾಳಮ್ಮನ ಮಗಳ ಸೀರಿನೂ ನಿನಗ ಅವ್ವಂದೇನು? ನನ್ನ ತಲಿ ಮ್ಯಾಲ ಕೈ ಇಟ್ಟು ಸುಳ್ಳು ಹೇಳಿದಿ. ಸೈದಾಬಿ ಮ್ಯಾಲ ಹಾಕಿದಿ."

"ರೊಕ್ಕಕ್ಕ ಮಾಡಿಲ್ಲ ಶಾಂತಾ. ಇಪ್ಪತ್ತು ವರ್ಷದಾಕಿ ಈ ಮನಿಗೆ ಬಂದೆ. ರೊಟ್ಟಿ ಮಾಡಿದೆ, ಹೆಂಡಿ ಬಳದೆ. ನಿನ್ನ ಕೈಯಾಗ ಕಲಾ ಅದ ಅಂತ ಒಬ್ಬರರ ಅಂದ್ರೇನು? ಅಂವ ಅಂದ. ಹೊಸಾ ಬಟ್ಟೀದು ಹೊಳ್ಳಿ ಕಳಿಸಿದಾಗ ನನ್ನ ಜೀವನೇ ಹೋದಂಗ ಆತು. ಸತ್ತವರು ಬಂದು ಸೀರಿ ಕೇಳ್ತಾರೇನು?"

"ಇದ್ದವರು ಕೇಳಾಕತ್ತಾರಕ್ಕ."

ಅವಳು ನನ್ನ ಎರಡೂ ಕೈ ಹಿಡಿದಳು. "ಯಾರಿಗೂ ಹೇಳಬ್ಯಾಡ. ಹೊದ್ದವರಿಗೆ ಬೆಚ್ಚಗ ಅದ, ಸಾಕಲ್ಲ. ಇನ್ನ ಮುಂದ ಮಾಡಂಗಿಲ್ಲ."

ನಾನು ಕೈ ಬಿಡಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಬೆನ್ನ ಹಿಂದೆ ಅಕ್ಕ "ಊಟರ ಮಾಡ್ಕೊಂಡು ಹೋಗು" ಎಂದು ಕೂಗಿದಳು. ನನ್ನನ್ನು ಸಾಲಿಗೆ ಕಳಿಸುವಾಗ ಕೂಗುತ್ತಿದ್ದ ದನಿಯಲ್ಲೇ ಕೂಗಿದಳು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ನಮ್ಮವರೂ ಹೇಳಬೇಡ ಎಂದರು. ಒಡಹುಟ್ಟಿದವಳ ಇಜ್ಜತ್ತು ನಿನ್ನ ಬಾಯಿಂದ ಹೋಗುವುದು ಬೇಡ, ಕೆಲಸ ನಿಲ್ಲಿಸಿಬಿಡು ಸಾಕು ಎಂದರು. ನಾನು ಒಂದು ವಾರ ಯೋಚನೆ ಮಾಡಿದೆ. ಆಮೇಲೆ ಶ್ರಾವಣದಿಂದ ಬಟ್ಟೆ ಕೊಟ್ಟವರ ಮನೆಗಳಿಗೆ ಒಂದೊಂದಾಗಿ ಹೋದೆ. ಎಳ್ಳಮಾವಾಸ್ಯೆ ತನಕ ಅದೇ ಕೆಲಸ. ಒಬ್ಬ ಕಿರಾಣಿ ಅಂಗಡಿಯವರ ಹೆಂಡತಿ ಕೌದಿಯನ್ನು ನನ್ನ ಮೈಮೇಲೆ ಎಸೆದಳು. ಕೆಲವರು, ಹೋಗಲಿ ಬಿಡ್ರಿ ಎಂದರು. ಅವರು ಮತ್ತೆಂದೂ ನಮ್ಮ ಮನೆಗೆ ಕುಬಸ ಹೊಲಿಸಲೂ ಬರಲಿಲ್ಲ. ಕೊಡಂಬಲದಲ್ಲಿ ಒಬ್ಬ ಮುದುಕರು, ಹೆಂಡತಿಯ ಸೀರೆ ಕೊಟ್ಟವರು, ಕೌದಿಯನ್ನು ಮೊಣಕಾಲ ಮೇಲೆ ಹೊದ್ದುಕೊಂಡು ಬಿಸಿಲಿಗೆ ಕೂತಿದ್ದರು. ನಾನು ಹೇಳಿ ಮುಗಿಸುವ ತನಕ ಅದರ ಮೇಲೆ ಕೈಯಾಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಯಾಕ ಹೇಳಿದಿ ತಂಗಿ?" ಎಂದರು. "ಆಕೀದು ಅಂತ ಹೊದ್ಕೋತಿದ್ದೆ. ನನ್ನ ಪಾಲಿಗೆ ಆಕೀದೇ ಆಗಿತ್ತು."

ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅತ್ತೆ. ಅಕ್ಕ ಅವರಿಂದ ಆ ಸೀರೆ ಕಸಿದದ್ದು ಒಂದು ಸಲ, ನಾನು ಕಸಿದದ್ದು ಎರಡನೇ ಸಲವೇನೋ ಅನ್ನಿಸಿತು.

ಕೌದಿಯ ಕೆಲಸ ಅಲ್ಲಿಗೆ ನಿಂತಿತು. ಅಕ್ಕ ಹೈದರಾಬಾದಿನ ಅಂಗಡಿಗೆ ಮತ್ತೆ ಏನಾದರೂ ಮಾಡಿ ಕೊಟ್ಟಳೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಅದಾದ ಮೇಲೆ ಎಂಟು ವರ್ಷ ಬದುಕಿದ್ದಳು. ಮದುವೆ, ಮಣ್ಣು ಅಂತ ಬಂಧುಗಳ ಮನೆಯಲ್ಲಿ ಎದುರಾದರೆ "ಊಟಾತೇನು?" ಅನ್ನುತ್ತಿದ್ದಳು. "ಆತು" ಅನ್ನುತ್ತಿದ್ದೆ. ತಪ್ಪಾಯಿತು ಎಂದು ಅವಳು ಹೇಳಲಿಲ್ಲ, ಯಾಕೆ ಹೀಗೆ ಮಾಡಿದಿ ಎಂದು ನಾನೂ ಮತ್ತೆ ಕೇಳಲಿಲ್ಲ. ಅವಳ ಮಣ್ಣಿಗೆ ಹೋಗಿದ್ದೆ. ಅಳು ಬಂತು, ಯಾವ ಅಕ್ಕನಿಗಾಗಿ ಅಳುತ್ತಿದ್ದೇನೆ ಎಂದು ಮಾತ್ರ ತಿಳಿಯಲಿಲ್ಲ.

ಆ ವರ್ಷದ ಮಾತು ಇನ್ನೊಂದು ಉಳಿದಿದೆ. ಸಂಕ್ರಾಂತಿ ಕಳೆದು, ಜೋಳ ತೆನೆ ಕಟ್ಟಿದ್ದ ದಿನಗಳು. ಒಂದು ಮುಂಜಾನೆ ಮಾಳಮ್ಮ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿಗೆ ಆಗಲೇ ಕೂಡಲು ಬರುತ್ತಿತ್ತು. ಮಡಿಲಿನಿಂದ ಒಂದು ಕುಬಸ ಮತ್ತು ಒಂದು ಹಳೆ ಲಂಗ ತೆಗೆದಳು. ಮಗಳದೇ, ಮದುವೆಗೆ ಮುಂಚಿನವು. ಇವಾದರೂ ಇರಲಿ ಎಂದು ಅವತ್ತು ಕೊಡದೆ ಇಟ್ಟುಕೊಂಡಿದ್ದಳಂತೆ.

"ಇದರಾಗ ಕೂಸಿಗಾಗುವಷ್ಟು ಮಾಡಿ ಕೊಡು," ಎಂದಳು. "ಬ್ಯಾರೇ ಕಡೆ ಕಳಸಬ್ಯಾಡ. ನನ್ನ ಕಣ್ಣ ಮುಂದ ಹೊಲಿ."

ಸೂಜಿಯನ್ನೂ ದಾರವನ್ನೂ ಅವಳೇ ಪೇಟೆಯಿಂದ ಕೊಂಡು ತಂದಿದ್ದಳು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೇಸರಪಡುವ ಹಕ್ಕು ನನಗೆ ಉಳಿದಿರಲಿಲ್ಲ. ಅವಳು ತಂದ ಸೂಜಿಗೆ ಅವಳು ತಂದ ದಾರ ಪೋಣಿಸಿ ಕೂತೆ.

ನಾಲ್ಕು ದಿನ ಹೊಲಿದೆ. ಬೆಳಗಿನ ಬಸ್ಸಿಗೆ ಬರುತ್ತಿದ್ದಳು, ಸಂಜೆಯ ಬಸ್ಸಿಗೆ ಬಟ್ಟೆಯನ್ನು ಸುತ್ತಿ ತನ್ನ ಜೊತೆಗೇ ಒಯ್ಯುತ್ತಿದ್ದಳು. ನನ್ನ ಎದುರಿಗೆ ಎರಡು ಮೊಳ ದೂರದಲ್ಲಿ ಕೂತು, ನನ್ನ ಕೈಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಾನು ಕತ್ತರಿ ಎತ್ತಿದರೆ ಅವಳ ಕತ್ತು ಮುಂದೆ ಬರುತ್ತಿತ್ತು. ನೆಲಕ್ಕೆ ಬಿದ್ದ ಬೆರಳಗಲದ ಚಿಂದಿಯನ್ನೂ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಮೂರನೆಯ ದಿನ ಮಗಳ ಸುದ್ದಿ ಹೇಳಿದಳು: ಕುರಿಮರಿಗಳನ್ನು ಹೆಸರಿಟ್ಟು ಕರೆಯುತ್ತಿದ್ದಳಂತೆ, ಮಳೆ ಬಂದರೆ ತಾನು ತೊಯ್ದು ಮರಿಗೆ ಕಂಬಳಿ ಹೊದಿಸುತ್ತಿದ್ದಳಂತೆ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಅಂಚು ಮಾತ್ರ ಉಳಿದಿತ್ತು. ಬಾಗಿಲಿನಿಂದ ಬಿಸಿಲು ಒಳಗೆ ಬಂದಿತ್ತು. ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನಾನು ತಲೆ ಎತ್ತಿ ನೋಡಿದಾಗ ಮಾಳಮ್ಮನೂ ಗೋಡೆಗೆ ಆತು ಮಲಗಿಬಿಟ್ಟಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಕೂಸಿನ ಎದೆಯ ಮೇಲಿತ್ತು. ನಸುಕಿನಲ್ಲಿ ಎದ್ದು ಬರುವವಳು, ಎಷ್ಟು ದಿನದ ದಣಿವೋ.

ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕೌದಿಯನ್ನು ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟು, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಒಬ್ಬಳು ಕುಬಸದ ಅಳತೆಗೆಂದು ಬಂದಳು, ಆಮೇಲೆ ಬಾ ಎಂದು ಸನ್ನೆ ಮಾಡಿ ಕಳಿಸಿದೆ. ಬಿಸಿಲು ಬಾಗಿಲಿಂದ ಗೋಡೆಯ ತನಕ ಸರಿಯಿತು. ಮಾಳಮ್ಮನಿಗೆ ಎಚ್ಚರವಾದಾಗ ಅವಳ ಕಣ್ಣು ಮೊದಲು ಹೋದದ್ದು ಕೌದಿಯ ಮೇಲೆ, ಆಮೇಲೆ ನನ್ನ ಕೈಯ ಮೇಲೆ.

"ಯಾಕ ನಿಲ್ಲಿಸಿದಿ?"

"ನೀವು ಮಕ್ಕೊಂಡಿದ್ರಿ," ಎಂದೆ.

ಅವಳು ಬಗ್ಗಿ ಕೌದಿಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟು, "ಹೊಲಿ" ಎಂದು ಮತ್ತೆ ಗೋಡೆಗೆ ಆತು ಕಣ್ಣು ಮುಚ್ಚಿದಳು.